ಕಲಬುರಗಿಯಲ್ಲಿ ಬೇರೆ ಬೇರೆ ವಾದ್ಯದ ಹುಡುಗರನ್ನು ಕೂಡಿಸಿ ಜಾಝ್ ಕಲಿಸುವುದು ಎಲ್ಲಿಂದ ಶುರು ಮಾಡಬೇಕು?

ನೀವು ಬರೆದ ಪ್ರಕಾರ ನಿಮ್ಮ ಹತ್ತಿರ ಐದು ಮಂದಿ ಇದ್ದಾರೆ: ಮದುವೆ ಬ್ಯಾಂಡಿನ ಟ್ರಂಪೆಟ್ ಹುಡುಗ, ಚರ್ಚಿನಲ್ಲಿ ಕೀಬೋರ್ಡ್ ನುಡಿಸುವವ, ದರ್ಗಾದ ಕವ್ವಾಲಿಗೆ ಢೋಲಕ್ ಬಾರಿಸುವವ, ಒಬ್ಬ ತಬಲಾದವ, ಹಿಂದೂಸ್ತಾನಿ ಕಲಿಯುತ್ತಿರುವ ಒಬ್ಬ ಹುಡುಗಿ. ನೀವು ಆಲ್ಟೊ ಸ್ಯಾಕ್ಸೋಫೋನ್. ಸ್ಕೇಲಿನಿಂದ ಶುರು ಮಾಡಲೋ ಥಿಯರಿಯಿಂದಲೋ ಅಂತ ಕೇಳಿದ್ದೀರಿ. ಎರಡೂ ಬೇಡ. 12 ಬಾರಿನ ಬ್ಲೂಸ್ ಒಂದನ್ನೇ ಹಿಡಿಯಿರಿ, ಬಿ ಫ್ಲ್ಯಾಟ್‌ನಲ್ಲಿ. ಬಾರು ಅಂದರೆ ಇಲ್ಲಿ ನಾಲ್ಕು ಮಾತ್ರೆಯ ಒಂದು ತುಂಡು, ಅಂಥ 12 ಸೇರಿದ ಸುತ್ತನ್ನೇ ಮತ್ತೆ ಮತ್ತೆ ನುಡಿಸುವುದು ಈ ಬ್ಲೂಸ್.

ಬಿ ಫ್ಲ್ಯಾಟೇ ಯಾಕೆ? ಹಾರ್ಮೋನಿಯಂ ಲೆಕ್ಕದಲ್ಲಿ ಅದು ಕಪ್ಪು ಐದು. ಹೆಣ್ಣುಮಕ್ಕಳ ಷಡ್ಜ ಬಹಳ ಸಲ ಅಲ್ಲೇ ಅಥವಾ ಅದರ ಆಸುಪಾಸು ಇರುತ್ತದೆ. ಟ್ರಂಪೆಟ್ಟೂ ಬಿ ಫ್ಲ್ಯಾಟ್ ವಾದ್ಯವೇ, ಅವನು ಯಾವ ಕೀಲೂ ಒತ್ತದೆ ಊದುವ 'ಸಿ' ಅದೇ ಸ್ವರ. ನಿಮ್ಮ ಆಲ್ಟೊಕ್ಕೆ ಅದು ಜಿ. ತಬಲಾ ಷಡ್ಜಕ್ಕೆ ಏರದಿದ್ದರೆ ಪಂಚಮಕ್ಕೆ ಕೂಡಿಸಿಕೊಳ್ಳಲಿ, ಈ ಬ್ಲೂಸಿನ ಮೂರೂ ಕಾರ್ಡಿಗೆ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಅದು ಅಡ್ಡ ಬರುವುದಿಲ್ಲ.

ಈಗ ತಾಳ. 12 ಬಾರು, ಬಾರಿಗೆ 4 ಮಾತ್ರೆ, ಒಟ್ಟು 48. ಅಂದರೆ 16 ಮಾತ್ರೆಯ ತೀನತಾಲದ ಸರಿಯಾಗಿ 3 ಆವರ್ತನ. ಬಾರು ಎಣಿಸು ಅಂತ ತಬಲಾದವನಿಗೆ ಹೇಳಿದರೆ ತಪ್ಪುತ್ತಾನೆ, ಮೂರು ಆವರ್ತನ ಅಂದರೆ ನಿದ್ದೆಯಲ್ಲೂ ತಪ್ಪುವುದಿಲ್ಲ. ಮೊದಲ ಸಮ್‌ಗೆ (ಆವರ್ತನದ ಮೊದಲ ಮಾತ್ರೆ) ಬಿ ಫ್ಲ್ಯಾಟ್ ಸೆವೆನ್ ಕಾರ್ಡ್, ಎರಡನೆಯ ಸಮ್‌ಗೆ ಇ ಫ್ಲ್ಯಾಟ್ ಸೆವೆನ್, ಅದೇ ಆವರ್ತನದ ಖಾಲಿಗೆ (ಒಂಬತ್ತನೆಯ ಮಾತ್ರೆ) ಮತ್ತೆ ಬಿ ಫ್ಲ್ಯಾಟ್. ಮೂರನೆಯ ಸಮ್‌ಗೆ ಎಫ್ ಸೆವೆನ್, ಅಲ್ಲಿಂದ ನಾಲ್ಕು ನಾಲ್ಕು ಮಾತ್ರೆಗೆ ಇ ಫ್ಲ್ಯಾಟ್, ಬಿ ಫ್ಲ್ಯಾಟ್, ತಿರುಗಿ ಎಫ್. ಹಾಳೆಯಲ್ಲಿ ಇಷ್ಟೇ ಬರೆದು ಗೋಡೆಗೆ ಅಂಟಿಸಿ. ಸ್ಟಾಫ್ ನೊಟೇಶನ್ನಿನ ಹಟ ಈಗ ಬೇಡ, ಬ್ಯಾಂಡ್ ಹುಡುಗ ಕಿವಿಯಿಂದ ಕಲಿತವನು. ಆ ಕಿವಿಯೇ ಜಾಝ್‌ಗೆ ಬೇಕಾದದ್ದು.

ಮೊದಲ ಎರಡು ವಾರ ಪ ಮತ್ತು ಸ, ಎರಡೇ ಸ್ವರ. ಡ್ಯೂಕ್ ಎಲಿಂಗ್ಟನ್ ಅವರ 'ಸಿ ಜಾಮ್ ಬ್ಲೂಸ್'ನ ಧಾಟಿಯಲ್ಲಿ ಇರುವುದೂ ಈ ಎರಡೇ. ಎರಡು ಸ್ವರದಲ್ಲಿ 48 ಮಾತ್ರೆ ತುಂಬಬೇಕಾದವನು ಲಯ ಬಿಟ್ಟು ಬೇರೆಲ್ಲೂ ಓಡಿಹೋಗಲಾರ.

ಆಮೇಲೆ ಅಸಲಿ ವಿಷಯ. ಹಾಡುವ ಹುಡುಗಿ ಮೊದಲ ಆವರ್ತನದಲ್ಲಿ ಶುದ್ಧ ಗಾಂಧಾರದ ಮೇಲೆ ನಿಂತು ಚೆಂದ ಹಾಡುತ್ತಾಳೆ, ಎರಡನೆಯ ಸಮ್‌ಗೂ ಅದನ್ನೇ ಎಳೆಯುತ್ತಾಳೆ, ಕಚ್ ಅನ್ನುತ್ತದೆ. ತಪ್ಪು ಅವಳದಲ್ಲ. ರಾಗದಲ್ಲಿ ಆಧಾರ ಕದಲುವುದಿಲ್ಲ, ಇಲ್ಲಿ ಕೆಳಗಿನ ನೆಲವೇ ಸರಿಯುತ್ತದೆ. ಕಾರ್ಡಿನ ಮೂರನೆಯ ಮತ್ತು ಏಳನೆಯ ಸ್ವರ ಅಂತ ವಿವರಿಸಲು ಹೋಗಬೇಡಿ, ಸರಗಮ್‌ನಲ್ಲೇ ಹೇಳಿ. ಬಿ ಫ್ಲ್ಯಾಟ್‌ಗೆ ಶುದ್ಧ ಗ, ಕೋಮಲ ನಿ. ಎರಡನ್ನೂ ಅರ್ಧ ಸ್ವರ ಇಳಿಸಿದರೆ ಕೋಮಲ ಗ, ಶುದ್ಧ ಧ: ಇ ಫ್ಲ್ಯಾಟ್ ಬಂತು. ಮೊದಲಿನ ಜಾಗದಿಂದ ಎರಡನ್ನೂ ಅರ್ಧ ಸ್ವರ ಏರಿಸಿದರೆ ಶುದ್ಧ ಮ, ಶುದ್ಧ ನಿ: ಎಫ್ ಬಂತು. ಇಡೀ ಬ್ಲೂಸ್ ಈ ಎರಡು ಬೆರಳಿನ ಜರುಗಾಟ. ಒಬ್ಬರು ಗ ಸಾಲು, ಇನ್ನೊಬ್ಬರು ನಿ ಸಾಲು ಹಿಡಿದು ಹತ್ತು ಸುತ್ತು ಬರೀ ಹಾಡಲಿ, ತಬಲಾದವನೂ ಹಾಡಲಿ. ಜೋಗ್ ರಾಗ ಕೇಳಿದ ಕಿವಿಗೆ ಎರಡೂ ಗಾಂಧಾರ ಒಂದೇ ಮನೆಯಲ್ಲಿರುವುದು ಹೊಸದೇನಲ್ಲ.

ಕೀಬೋರ್ಡ್ ಹುಡುಗನಿಗೂ ಅದೇ ಎರಡು ಸ್ವರ ಸಾಕು, ಎಡಗೈಯಲ್ಲಿ, ನಡು ಸಪ್ತಕದಲ್ಲಿ. ಆಟೊ ರಿದಮ್ ಬಂದ್. ಇಡೀ ಕೀಬೋರ್ಡಿನ ಸ್ವರಗಳನ್ನು ಒಟ್ಟಿಗೆ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಗುಂಡಿಯ ಮೇಲೆ ಟೇಪ್ ಅಂಟಿಸಿಬಿಡಿ. ಅದನ್ನು ಒತ್ತಿ ಎಲ್ಲವನ್ನೂ ಸಿ ಮೇಜರ್‌ನಲ್ಲೇ ನುಡಿಸುವ ಚಟ ಇದ್ದರೆ ಟ್ರಂಪೆಟ್ಟಿನವನ ಜೊತೆ ಮಾತೇ ಕೂಡುವುದಿಲ್ಲ, ಇಬ್ಬರೂ 'ಸಿ' ಅನ್ನುತ್ತಾರೆ, ಯಾವ 'ಸಿ' ಅಂತ ಯಾರಿಗೂ ತಿಳಿಯುವುದಿಲ್ಲ.

ಸ್ವಿಂಗ್, ಅಂದರೆ ಜಾಝ್‌ನ ತೂಗುವ ನಡೆ, ಅದರ ಬಗ್ಗೆ ಢೋಲಕ್‌ನವನನ್ನು ಕೇಳಿ. ಒಂದು ಮಾತ್ರೆಯನ್ನು ಮೂರು ಮಾಡಿ, ಮೊದಲೆರಡನ್ನು ಕೂಡಿಸಿ ಹಿಡಿದು ಮೂರನೆಯದನ್ನು ಹಗುರಾಗಿ ಬಿಡುವ ಆ ತೂಗು ಅವನ ಕೆಹರವಾದಲ್ಲಿ ಆಗಲೇ ಇರುತ್ತದೆ. ಎಡವುವುದು ಚಪ್ಪಾಳೆಯಲ್ಲಿ: ಅವನ ಕೈ 1, 3ಕ್ಕೆ ಬೀಳುತ್ತದೆ, ಇಲ್ಲಿ 2, 4ಕ್ಕೆ ಬೇಕು. ನುಡಿಸುವ ವೇಗ ನಿಮಿಷಕ್ಕೆ 120 ಮಾತ್ರೆ ಆದರೆ ಮೆಟ್ರೊನೋಮ್ 60ಕ್ಕೆ ಇಟ್ಟು, ಆ ಟಿಕ್ ಅನ್ನು 2, 4 ಅಂತ ಎಣಿಸಿಸಿ. ಮೊದಲ ದಿನ ಎಲ್ಲರೂ ಜಾರುತ್ತಾರೆ, ನಕ್ಕು ಮುಂದೆ ಹೋಗಿ. ತಬಲಾದವ ಸಮ್ ಮೇಲೆ ಧಡ್ ಅಂತ ಹೊಡೆದರೆ ಸ್ವಿಂಗ್ ಅಲ್ಲೇ ಕುಂತುಬಿಡುತ್ತದೆ, ಹಗುರು ಮಾಡಿಸಿ.

ನಮ್ಮ ಬೇಸಿಗೆ ಒಂದು ಬೇರೆ ತಲೆನೋವು. ಕೊಳವೆಯೊಳಗಿನ ಗಾಳಿ 1 ಡಿಗ್ರಿ ಕಾದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ (100 ಸೆಂಟ್ ಅಂದರೆ ಅರ್ಧ ಸ್ವರ), ಕೀಬೋರ್ಡ್ ಮಾತ್ರ ಇದ್ದಲ್ಲೇ ಇರುತ್ತದೆ. ಟ್ರಂಪೆಟ್ಟಿನ ದೊಡ್ಡ ಸ್ಲೈಡ್ 1 ಸೆಂಟಿಮೀಟರ್ ಹೊರಗೆಳೆದರೆ ಇಪ್ಪತ್ತಕ್ಕೂ ಹೆಚ್ಚು ಸೆಂಟ್ ಇಳಿಯುತ್ತದೆ. ನೀವು ಮೌತ್‌ಪೀಸ್ ಹಿಂದಕ್ಕೆಳೆಯಿರಿ. ಬಹಳ ಎಳೆದರೆ ವಾದ್ಯದ ಒಳಗಿನ ಸ್ವರಗಳೇ ಒಂದಕ್ಕೊಂದು ಕೂಡದಂತಾಗುತ್ತವೆ, ಆಗ ಕೀಬೋರ್ಡಿನ ಟ್ಯೂನಿಂಗನ್ನು 440 ಹರ್ಟ್ಜ್‌ನಿಂದ 443ಕ್ಕೆ ಏರಿಸುವುದೇ ಮೇಲು. ಇದು ಟ್ರಾನ್ಸ್‌ಪೋಸ್ ಅಲ್ಲ, ಬೇರೆ ಮೆನು.

ಕಲಿಸುವವರ ಬಗ್ಗೆ ಒಂದು ಮಾತು, ಬೇಜಾರಾಗಬೇಡಿ. ಅಮೆರಿಕದ ಡ್ರಮ್ಮರ್ ಆರ್ಟ್ ಬ್ಲೇಕಿ ತಮ್ಮ ಜಾಝ್ ಮೆಸೆಂಜರ್ಸ್ ತಂಡಕ್ಕೆ ದಶಕಗಟ್ಟಲೆ ಎಳೆಯರನ್ನೇ ಸೇರಿಸಿಕೊಂಡರು. 1980ರಲ್ಲಿ ಟ್ರಂಪೆಟ್ಟಿನ ವಿಂಟನ್ ಮಾರ್ಸಾಲಿಸ್ ಬಂದಾಗ ಆತನಿಗೆ 18. ಬ್ಲೇಕಿ ಕೂತಿದ್ದು ಡ್ರಮ್ಸ್ ಮುಂದೆ, ಅಂದರೆ ತಂಡದ ಹಿಂದೆ. ಸೋಲೊ ನುಡಿಸುವವನನ್ನು ಅಲ್ಲಿಂದಲೇ ತಳ್ಳುತ್ತಿದ್ದರು. ನಿಮ್ಮದು ಮುಂದೆ ನಿಲ್ಲುವ ವಾದ್ಯ, ಅದಕ್ಕೇ ಇನ್ನಷ್ಟು ಹುಷಾರಿ ಬೇಕು. ಸೋಲೊ ಎಲ್ಲರಿಗೂ ಒಂದೊಂದೇ ಸುತ್ತು, ನಿಮ್ಮದು ಕೊನೆಗೆ, ಬೇಕಿದ್ದರೆ. ನಾಚುವವರನ್ನು ಎರಡನೆಯವರಾಗಿ ಬಿಡಿ, ಮೊದಲು ಬೇಡ, ಎಲ್ಲಕ್ಕಿಂತ ಚುರುಕಿನವನ ಬೆನ್ನಿಗಂತೂ ಬೇಡವೇ ಬೇಡ. ಒಂದು ಸುತ್ತಿಗೆ ಒಂದೇ ತಪ್ಪು ತಿದ್ದಿ. "ಇದು ಜಾಝ್ ಅಲ್ಲ" ಅನ್ನುವ ಮಾತು ಆ ಕೋಣೆಯಲ್ಲಿ ಬರಲೇಬಾರದು. ಹುಡುಗಿ ತಿಹಾಯಿ (ಒಂದೇ ತುಂಡನ್ನು ಮೂರು ಸಲ ಹೇಳಿ ಸಮ್‌ಗೆ ಮುಗಿಸುವುದು) ಹಾಕಿದರೆ ಅದು ಸಮ್‌ಗೆ ಬಿತ್ತೋ ಇಲ್ಲವೋ ಅಷ್ಟೇ ನೋಡಿ.

ತಾಲೀಮಿನ ದಿನ ಗೊತ್ತು ಮಾಡುವಾಗ ಪಂಚಾಂಗ ಎದುರಿಗಿರಲಿ. ಲಗ್ನದ ಮುಹೂರ್ತ ಇದ್ದ ದಿನ ಟ್ರಂಪೆಟ್ ಹುಡುಗ ಬರಲಾರ, ಅದು ಅವನ ಹೊಟ್ಟೆಪಾಡು. ಆಷಾಢದಲ್ಲಿ ಅವನು ಖಾಲಿ, ಹೆಚ್ಚಿನ ತಾಲೀಮು ಆಗ ಇಡಿ. ಭಾನುವಾರ ಬೆಳಗ್ಗೆ ಚರ್ಚು, ಗುರುವಾರ ರಾತ್ರಿ ಕವ್ವಾಲಿ ಇರಬಹುದು, ರಂಜಾನ್‌ನಲ್ಲಿ ಇಫ್ತಾರ್ ಹೊತ್ತು ಬಿಡಿ. ಹುಡುಗಿಯನ್ನು ಮನೆಯವರು ಕಳಿಸಬೇಕಾದರೆ ಕತ್ತಲಾಗುವ ಮುಂಚೆ ಮುಗಿಯಬೇಕು. ವಾರಕ್ಕೆ ಎರಡು ಸಲ, ಒಂದೂವರೆ ತಾಸು ಸಾಕು.

ಗ, ನಿ ಸಾಲುಗಳು ಎಲ್ಲರ ಬಾಯಲ್ಲಿ ಕುಂತ ಮೇಲೆ ಮೂರನೆಯ ಆವರ್ತನವೊಂದನ್ನೇ ಬದಲಿಸಿ: ಸಮ್‌ಗೆ ಸಿ ಮೈನರ್ ಸೆವೆನ್, ಐದನೆಯ ಮಾತ್ರೆಗೆ ಎಫ್ ಸೆವೆನ್, ಖಾಲಿಯಿಂದ ಮುಂದೆ ಮೊದಲಿನಂತೆ. ಮಧ್ಯಮ ಇದ್ದಲ್ಲೇ ಇರುತ್ತದೆ, ಷಡ್ಜ ಮಾತ್ರ ನಿಷಾದಕ್ಕೆ ಜಾರುತ್ತದೆ.