ಮಾವನ ಟ್ರಂಕಿನ 'ಐರಿಶ್ ಟೂರ್' ಪ್ಲೇಟು: ಯಾರದು, ಹೇಗೆ ಕೇಳೋದು

ನಮ್ಮ ಗುಂಪಿನಲ್ಲಿ ಮಂಡ್ಯದ ಗೆಳೆಯರು ಕೇಳಿರೋದು ಮೂರು ಪ್ರಶ್ನೆ. ಸೋದರಮಾವನ ಟ್ರಂಕಿನಲ್ಲಿ ಸಿಕ್ಕ 'ಐರಿಶ್ ಟೂರ್ '74' ಅನ್ನೋ ಜೋಡಿ ಎಲ್‌ಪಿ ಯಾರದು, ಕೇಳೋ ಹಾಗಿದೆಯಾ, ಮಾರಿದರೆ ಎಷ್ಟು ಬರುತ್ತೆ. ದುಡ್ಡಿನ ಮಾತು ಕೊನೆಗಿರಲಿ. ಮೊದಲು ಆಸಾಮಿ ಯಾರು ಅಂತ ನೋಡೋಣ.

ರೋರಿ ಗ್ಯಾಲಹರ್. ಐರ್ಲೆಂಡಿನವನು. 1948ರಲ್ಲಿ ಬ್ಯಾಲಿಶ್ಯಾನನ್ ಅನ್ನೋ ಊರಲ್ಲಿ ಹುಟ್ಟಿ ಕಾರ್ಕ್ ನಗರದಲ್ಲಿ ಬೆಳೆದ. ಹದಿನೈದನೇ ವಯಸ್ಸಲ್ಲಿ, ಸುಮಾರು 100 ಪೌಂಡಿಗೆ, ಕಂತಿನ ಮೇಲೆ, ಸೆಕೆಂಡ್ ಹ್ಯಾಂಡ್ ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಗಿಟಾರ್ ಕೊಂಡ. 1961ರ ಮಾಡೆಲ್. ಸಾಯೋವರೆಗೂ ಅದನ್ನ ಬಿಡಲಿಲ್ಲ. ನಿಮ್ಮ ಪ್ಲೇಟಿನ ಹೊದಿಕೆ ಮೇಲೆ ಬಣ್ಣವೆಲ್ಲ ಹೋಗಿ ಬರೀ ಮರ ಕಾಣೋ ಗಿಟಾರ್ ಇದ್ದರೆ ಅದೇ ಇದು. ಬೆವರು ಕುಡಿದು ಕುಡಿದು ಹಾಗಾಯ್ತು ಅಂತಾರೆ. ಒಂದು ಸಲ ಡಬ್ಲಿನ್ನಿನಲ್ಲಿ ಕಳುವಾಗಿ ಚರಂಡಿಯಲ್ಲಿ ಸಿಕ್ಕಿದ್ದೂ ಉಂಟು. 1966ರಲ್ಲಿ ಟೇಸ್ಟ್ ಅನ್ನೋ ತಂಡ ಕಟ್ಟಿದ, 1970ರ ಕೊನೆಗೆ ಅದು ಒಡೆಯಿತು, ಆಮೇಲೆ ತನ್ನ ಹೆಸರಲ್ಲೇ ನುಡಿಸಿದ. ಯಕೃತ್ತಿನ ಕಸಿ ಆದಮೇಲೆ ಸೋಂಕು ತಗುಲಿ 1995ರ ಜೂನ್‌ನಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. 47 ವಯಸ್ಸು.

ಇಂಥವನ ಹೆಸರು ನಮ್ಮ ಕಡೆ ಯಾಕೆ ಕಿವಿಗೆ ಬೀಳಲಿಲ್ಲ? ಗಿಟಾರ್ ಅಂದರೆ ಹೆಂಡ್ರಿಕ್ಸ್, ಕ್ಲಾಪ್ಟನ್, ಪೇಜ್ ಅಂತ ಬೆರಳು ಮಡಿಸೋರು ಇವನನ್ನ ಬಿಟ್ಟೇ ಬಿಡ್ತಾರೆ. ಮುಖ್ಯ ಕಾರಣ ಅವನೇ. ಬ್ರಿಟನ್ನಿನಲ್ಲಿ ಸಿಂಗಲ್, ಅಂದರೆ ಒಂದೊಂದೇ ಹಾಡಿನ ಚಿಕ್ಕ ಪ್ಲೇಟು, ಬಿಡಲ್ಲ ಅಂತ ಹಟ ಹಿಡಿದ. ಸಿಂಗಲ್ ಇಲ್ಲದೆ ರೇಡಿಯೋ ಇಲ್ಲ, ರೇಡಿಯೋ ಇಲ್ಲದೆ ಊರೂರಿಗೆ ಹೆಸರು ಹಬ್ಬಲ್ಲ. 1975ರ ಜನವರಿಯಲ್ಲಿ, ತಮ್ಮ ಗಿಟಾರ್ ವಾದಕ ಮಿಕ್ ಟೇಲರ್ ಬಿಟ್ಟುಹೋದ ಮೇಲೆ, ರೋಲಿಂಗ್ ಸ್ಟೋನ್ಸ್ ತಂಡದವರು ಇವನನ್ನ ರಾಟರ್‌ಡ್ಯಾಮಿಗೆ ಕರೆಸಿ ಜೊತೆಯಲ್ಲಿ ನುಡಿಸಿ ನೋಡಿದರು. ಇವನು ನುಡಿಸಿ, ಮೊದಲೇ ಒಪ್ಪಿಕೊಂಡಿದ್ದ ಜಪಾನ್ ಪ್ರವಾಸಕ್ಕೆ ಹೊರಟುಬಿಟ್ಟ! 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಇಡೀ ಆಲ್ಬಂ ಮುಗಿಸಿ, ಸರಿಯಿಲ್ಲ ಅಂತ ಪಕ್ಕಕ್ಕೆಸೆದ. ಅದು ಹೊರಗೆ ಬಂದಿದ್ದು 2011ರಲ್ಲಿ, ಅವನು ಹೋದ ಎಷ್ಟೋ ವರ್ಷದ ಮೇಲೆ. ಕಂಪನಿಯವರಿಗೆ ಇಂಥವರು ತಲೆನೋವು, ಕೇಳುಗರಿಗೆ ಲಾಭ.

ಈಗ ಕೇಳೋ ವಿಷಯ. ರೋರಿಯನ್ನ ಸ್ಟುಡಿಯೋ ರೆಕಾರ್ಡಿಂದ ಶುರು ಮಾಡಬೇಡಿ. ಅವನದೆಲ್ಲ ಇದ್ದಿದ್ದು ಸ್ಟೇಜಿನ ಮೇಲೆ. ಆ ಲೆಕ್ಕದಲ್ಲಿ ನಿಮ್ಮ ಮಾವ ಸರಿಯಾದ್ದನ್ನೇ ಕೊಂಡಿದ್ದಾರೆ. ಈ ಜೋಡಿ ಪ್ಲೇಟು 1974ರ ಜನವರಿಯಲ್ಲಿ ಬೆಲ್‌ಫಾಸ್ಟ್, ಡಬ್ಲಿನ್, ಕಾರ್ಕ್‌ಗಳಲ್ಲಿ ಆದ ಕಾರ್ಯಕ್ರಮಗಳದ್ದು. ಆಗ ಉತ್ತರ ಐರ್ಲೆಂಡಿನಲ್ಲಿ ಬಾಂಬು, ಗುಂಡು ಮಾಮೂಲಿ. ಹೊರಗಿನ ತಂಡಗಳು ಬೆಲ್‌ಫಾಸ್ಟ್ ಕಡೆ ತಲೆ ಹಾಕೋದನ್ನೇ ನಿಲ್ಲಿಸಿದ್ದವು. ರೋರಿ ಮಾತ್ರ ಅಲ್ಲಿನ ಅಲ್‌ಸ್ಟರ್ ಹಾಲ್‌ಗೆ ತಪ್ಪದೆ ಹೋಗ್ತಿದ್ದ. ಅವನ ತಂಡದಲ್ಲಿ ಬೇಸ್ ಗಿಟಾರ್ ನುಡಿಸೋ ಜೆರಿ ಮೆಕ್ಯಾವೊಯ್ ಆ ಊರಿನವನೇ. ಪ್ಲೇಟಿನಲ್ಲಿ ಜನ ಕೂಗೋದು ಕೇಳುತ್ತಲ್ಲ, ಅದರ ಹಿಂದೆ ಇದಿದೆ. 2025ರ ಜನವರಿಯಲ್ಲಿ ಆ ಹಾಲ್‌ನ ಮುಂದೆಯೇ ಅವನ ಕಂಚಿನ ಪ್ರತಿಮೆ ನಿಲ್ಲಿಸಿದರು.

ಮೊದಲು 'ಎ ಮಿಲಿಯನ್ ಮೈಲ್ಸ್ ಅವೇ' ಹಾಕಿ. ಆಮೇಲೆ 'ವಾಕ್ ಆನ್ ಹಾಟ್ ಕೋಲ್ಸ್'. ಎರಡನೆಯದು ಹನ್ನೊಂದು ನಿಮಿಷ ಮೀರುತ್ತೆ, ಇಷ್ಟುದ್ದ ಯಾಕೆ ಅಂತ ಹುಬ್ಬು ಗಂಟಿಕ್ಕಬೇಡಿ. ಮೈಸೂರಿನ ಒಂಟಿಕೊಪ್ಪಲಿನ 8ನೇ ಕ್ರಾಸ್ ಗಣೇಶೋತ್ಸವದಲ್ಲಿ ಕೂತು ಕಛೇರಿ ಕೇಳಿದವರಿಗೆ ಇದು ಹೊಸದಲ್ಲ. ಕಲಾವಿದ ಒಂದು ಸಾಲು ಹಿಡಿದು, ಬಿಟ್ಟು, ಮತ್ತೆ ಹಿಡಿದು, ಪಕ್ಕವಾದ್ಯದವರ ಕಡೆ ನೋಡಿ ನಗ್ತಾನಲ್ಲ, ಅದೇ ಆಟ. ಲೂ ಮಾರ್ಟಿನ್‌ನ ಕೀಬೋರ್ಡ್ ಎಲ್ಲಿ ಜಾಗ ಬಿಡುತ್ತೆ ಅಂತ ಗಮನ ಕೊಡಿ. 'ಆ್ಯಸ್ ದ ಕ್ರೋ ಫ್ಲೈಸ್' ಬೇರೆ ರುಚಿ: ಡ್ರಮ್ ಇಲ್ಲ, ಲೋಹದ ಮೈಯ ರೆಸೊನೇಟರ್ ಗಿಟಾರ್, ಜೊತೆಗೆ ಮೌತ್ ಆರ್ಗನ್.

ಇದು ಹಿಡಿಸಿದರೆ ಮುಂದಕ್ಕೆ 1972ರ 'ಲೈವ್ ಇನ್ ಯೂರೋಪ್'. ಅದರಲ್ಲಿ 'ಗೋಯಿಂಗ್ ಟು ಮೈ ಹೋಮ್‌ಟೌನ್' ಅಂತ ಒಂದಿದೆ, ಮ್ಯಾಂಡೊಲಿನ್‌ನಲ್ಲಿ ರಾಕ್ ನುಡಿಸಿದ್ದಾನೆ. ಯು. ಶ್ರೀನಿವಾಸ್ ಕೇಳಿ ಬೆಳೆದ ಕಿವಿಗೆ ತಮಾಷೆಯಾಗಿ ಕಾಣಬಹುದು, ಆದರೆ ಬಡಿತ ನೋಡಿ. ಸ್ಟುಡಿಯೋದ್ದೇ ಬೇಕು ಅಂದರೆ 1973ರ 'ಟ್ಯಾಟೂ', 1976ರ 'ಕಾಲಿಂಗ್ ಕಾರ್ಡ್'. ಎರಡನೆಯದಕ್ಕೆ ಡೀಪ್ ಪರ್ಪಲ್‌ನ ರಾಜರ್ ಗ್ಲೋವರ್ ನಿರ್ಮಾಣದಲ್ಲಿ ಕೈ ಜೋಡಿಸಿದ್ದಾನೆ, ಧ್ವನಿ ಅಚ್ಚುಕಟ್ಟು. ಎಂಬತ್ತರ ದಶಕದವು ನನಗೆ ಅಷ್ಟಕ್ಕಷ್ಟೆ. ಕಂಠವೂ ಅಂಥ ದೊಡ್ಡ ಕಂಠವೇನಲ್ಲ, ಅದಕ್ಕಾಗಿ ಯಾರೂ ಅವನನ್ನ ಕೇಳಲ್ಲ. ನೋಡಬೇಕು ಅನ್ನೋರು 1977ರಲ್ಲಿ ಜರ್ಮನಿಯ ಎಸ್ಸೆನ್‌ನಲ್ಲಿ ರಾಕ್‌ಪಲಾಸ್ಟ್ ಅನ್ನೋ ಟಿವಿ ಕಾರ್ಯಕ್ರಮದ ರಾತ್ರಿ ನುಡಿಸಿದ್ದನ್ನ ಹುಡುಕಿ. ಚೌಕಳಿ ಅಂಗಿ, ಹಣೆಗೆ ಅಂಟಿದ ಕೂದಲು, ಒಂದು ಕ್ಷಣ ಸುಮ್ಮನೆ ನಿಲ್ಲಲ್ಲ.

ಗಿಟಾರ್ ಹುಡುಗರಿಗೆ ಒಂದು ಮಾತು. ಆ ನಾದಕ್ಕೆ ಪೆಡಲ್, ಅಂದರೆ ಕಾಲಲ್ಲಿ ಒತ್ತಿ ನಾದ ಬದಲಿಸೋ ಡಬ್ಬಿಗಳ ರಾಶಿ ಬೇಡ. ವಾಕ್ಸ್ ಎಸಿ30 ಆಂಪ್, ಅದರ ಮುಂದೆ ಡಲ್ಲಾಸ್ ರೇಂಜ್‌ಮಾಸ್ಟರ್ ಅನ್ನೋ ಟ್ರೆಬಲ್ ಬೂಸ್ಟರ್, ಅಂದರೆ ಮೇಲಿನ ಸ್ವರಗಳನ್ನ ಎತ್ತಿ ಕೊಡೋ ಡಬ್ಬಿ. ಕ್ವೀನ್ ತಂಡದ ಬ್ರಯನ್ ಮೇ ಹುಡುಗನಾಗಿದ್ದಾಗ ಇವನನ್ನೇ ಕೇಳಿ ತಿಳಿದುಕೊಂಡು ಅದೇ ಜೋಡಿ ಕೊಂಡ, ಅವನೇ ಹೇಳಿಕೊಂಡಿದ್ದಾನೆ. ಮಿಕ್ಕಿದ್ದು ಗಿಟಾರಿನ ವಾಲ್ಯೂಮ್ ಗುಂಡಿ ತಿರುಗಿಸೋದರಲ್ಲಿದೆ. ಇನ್ನೊಂದು, "ಜಗತ್ತಿನ ನಂಬರ್ ಒನ್ ಯಾರು ಅಂದಿದ್ದಕ್ಕೆ ಹೆಂಡ್ರಿಕ್ಸ್ ರೋರಿಯನ್ನ ಕೇಳಿ ಅಂದ" ಅನ್ನೋ ಚಿತ್ರವನ್ನ ದಯವಿಟ್ಟು ಇಲ್ಲಿ ಫಾರ್ವರ್ಡ್ ಮಾಡಬೇಡಿ. ಅದಕ್ಕೆ ಆಧಾರವಿಲ್ಲ. ಅದಿಲ್ಲದೆಯೂ ರೋರಿಗೆ ಏನೂ ಕಮ್ಮಿಯಾಗಲ್ಲ.

ಕುವೆಂಪುನಗರದ ಹಿರಿಯರೊಬ್ಬರು ಇದೇ ಗುಂಪಿನಲ್ಲಿ "ನಮ್ಮೂರಿಗೂ ಈ ಗದ್ದಲಕ್ಕೂ ಏನು ಸಂಬಂಧ" ಅಂತ ಬರೆದಿದ್ದಾರೆ. ಸಂಬಂಧ ಇಲ್ಲ ಸಾರ್, ಒಪ್ಪಿದೆ. ಆದರೆ ಮರೆತುಹೋಗೋ ಸಂಗೀತಗಾರನನ್ನ ಪ್ಲೇಟಿಗೆ ಹತ್ತಿಸಿ ಉಳಿಸೋ ಚಾಳಿ ನಮ್ಮೂರಿನದೇ. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯದ ಸಂಗೀತ ರಚನೆಕಾರ, ಪಿಯಾನೋ ವಾದಕ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನ ಎಚ್‌ಎಂವಿಗೆ ನುಡಿಸಿ ರೆಕಾರ್ಡ್ ಮಾಡಲು 1940ರ ದಶಕದ ಕೊನೆಯಲ್ಲಿ ದುಡ್ಡು ಕೊಟ್ಟಿದ್ದು ಜಯಚಾಮರಾಜ ಒಡೆಯರ್. ಪಿಯಾನೋ ಬಲ್ಲವರು ಇವತ್ತಿಗೂ ಮೈಸೂರು ಮಹಾರಾಜರ ಹೆಸರು ಹೇಳೋದು ಆ ಪ್ಲೇಟುಗಳಿಂದ.

ಇನ್ನು ನಿಮ್ಮ ಪ್ಲೇಟಿನ ಆರೈಕೆ. ಟ್ರಂಕಿನಲ್ಲಿ ಮಲಗಿಸಿಟ್ಟಿದ್ದರಿಂದ ಬಾಗಿದೆಯಾ ನೋಡಿ, ಇನ್ನು ಮೇಲೆ ಪುಸ್ತಕ ಜೋಡಿಸೋ ಹಾಗೆ ನೆಟ್ಟಗೆ ನಿಲ್ಲಿಸಿ. ಲೈಟಿನ ಕೆಳಗೆ ಓರೆಯಾಗಿ ಹಿಡಿಯಿರಿ. ಗೀರು ಕಣ್ಣಿಗೆ ಕಂಡು ಉಗುರಿಗೆ ತಾಗದಿದ್ದರೆ ಚಿಂತೆಯಿಲ್ಲ, ಉಗುರಿಗೆ ತಾಗಿದರೆ ಟಿಕ್ ಟಿಕ್ ಅನ್ನುತ್ತೆ. ಬಿಳಿ ಬೂಷ್ಟು ಇದ್ದರೆ ಗಾಬರಿಯಾಗಬೇಡಿ. ಡಿಸ್ಟಿಲ್ಡ್ ವಾಟರ್, ಅದಕ್ಕೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದೇ ತೊಟ್ಟು, ಮೈಕ್ರೋಫೈಬರ್ ಬಟ್ಟೆ. ಗೆರೆ ಸುತ್ತುವ ದಿಕ್ಕಿನಲ್ಲೇ ಒರೆಸಿ, ಅಡ್ಡಡ್ಡ ಬೇಡ. ನಡುವಿನ ಕಾಗದದ ಲೇಬಲ್ ಒದ್ದೆಯಾಗಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಂದು ಸಲ ಒರೆಸಿ ನೆರಳಲ್ಲಿ ಆರಲಿ. ಅದೇ ಟ್ರಂಕಿನಲ್ಲಿ ನಿಮಿಷಕ್ಕೆ 78 ಸುತ್ತು ತಿರುಗೋ ಹಳೇ ಪ್ಲೇಟುಗಳಿದ್ದರೆ ಅವಕ್ಕೆ ಸ್ಪಿರಿಟ್ ಮುಟ್ಟಿಸಲೇಬೇಡಿ. ಅವು ಅರಗಿನವು, ಕರಗುತ್ತವೆ.

ತಾತನ ಕಾಲದ ಕೀ ಕೊಡೋ ಗ್ರಾಮಫೋನ್ ಮೇಲೆ ಈ ಎಲ್‌ಪಿ ಇಡೋ ಆಸೆ ಬೇಡ. ಆ ಉಕ್ಕಿನ ಮುಳ್ಳು ಒಂದೇ ಸುತ್ತಿಗೆ ಗೆರೆ ಕೆತ್ತಿ ಹಾಕುತ್ತೆ. ಸೂಟ್‌ಕೇಸ್ ಥರದ ಅಗ್ಗದ ಪ್ಲೇಯರಿನಲ್ಲೂ ಸೂಜಿಯ ಭಾರ ಜಾಸ್ತಿ. ಒಳ್ಳೆ ಕಾರ್ಟ್ರಿಜ್ (ಸೂಜಿ ಕೂತಿರೋ ಭಾಗ) ಇರೋ ಪ್ಲೇಯರಿನಲ್ಲಿ ಅದು ಎರಡು ಗ್ರಾಂ ಆಸುಪಾಸಿರುತ್ತೆ.

ಬೆಲೆ. ಲೇಬಲ್ ಮೇಲೆ ಪಾಲಿಡೋರ್ ಕಂಪನಿ ಅಂತಿದ್ದರೆ ಹಳೇ ಅಚ್ಚಿರಬಹುದು. ರೋರಿ 1975ರಲ್ಲಿ ಕ್ರಿಸಲಿಸ್ ಅನ್ನೋ ಇನ್ನೊಂದು ಕಂಪನಿಗೆ ಹೋದ, ಆ ಹೆಸರಿದ್ದರೆ ಆಮೇಲೆ ಅಚ್ಚಾದದ್ದು. ಅಪರೂಪದ ನಿಧಿ ಅಂತ ಹೇಳಲಾರೆ, ಇದರ ಹೊಸ ಮುದ್ರಣಗಳು ಬಂದಿವೆ. ಅವನ ಆ ಗಿಟಾರ್ 2024ರಲ್ಲಿ ಲಂಡನ್ನಿನ ಹರಾಜಿನಲ್ಲಿ 8,89,400 ಪೌಂಡಿಗೆ ಹೋಯ್ತು, ಕೊಂಡವರು ಐರ್ಲೆಂಡಿನ ರಾಷ್ಟ್ರೀಯ ಮ್ಯೂಸಿಯಂಗೆ ಕೊಡೋಕೆ ಅಂತಲೇ ಕೊಂಡರು. ಆ ಸುದ್ದಿ ನೋಡಿ ಪ್ಲೇಟಿಗೂ ಲಕ್ಷ ಅನ್ನೋರನ್ನ ನಂಬಬೇಡಿ, "ಹಳೇ ಸಾಮಾನು, ನೂರು ರೂಪಾಯಿ" ಅನ್ನೋ ಗುಜರಿಯವರನ್ನೂ ನಂಬಬೇಡಿ. ಎರಡೂ ಪ್ಲೇಟಿನ ಲೇಬಲ್, ಮತ್ತೆ ಲೇಬಲ್ ಸುತ್ತ ನುಣುಪಾದ ಜಾಗದಲ್ಲಿ ಕೆತ್ತಿರೋ ನಂಬರು, ಇವುಗಳ ಫೋಟೋ ಹಾಕಿ. ಗುಂಪಿನಲ್ಲಿ ತಿಳಿದವರಿದ್ದಾರೆ, ಯಾವ ದೇಶದ ಅಚ್ಚು ಅಂತ ಹೇಳ್ತಾರೆ. ಪ್ಲೇಯರ್ ಇಲ್ಲದಿದ್ದರೆ ಒಂದು ಭಾನುವಾರ ಸರಸ್ವತಿಪುರಂ ಕಡೆ ಬನ್ನಿ, ನನ್ನದರಲ್ಲಿ ಹಾಕೋಣ. ಬಸ್ಸಿನಲ್ಲಿ ತರೋದಾದರೆ ಬಿಸಿಲು ಬೀಳೋ ಕಿಟಕಿ ಪಕ್ಕ ಮಾತ್ರ ಇಡಬೇಡಿ.