ಆಟಿಸಂ ಮಗುವಿನ ಥೆರಪಿ ಖರ್ಚು: ಯಾವುದಕ್ಕೆ ಹಣ ಹಾಕಬೇಕು, ಯಾವುದನ್ನು ಬಿಡಬಹುದು?

ಪ್ರಶ್ನೆ: ನಾವು ಕಾಪುವಿನವರು. ನಾಲ್ಕು ವರ್ಷದ ಮಗನಿಗೆ ಇನ್ನೂ ಮಾತು ಬಂದಿಲ್ಲ, ಆಟಿಸಂ ಎಂದಿದ್ದಾರೆ. ವಾರಕ್ಕೆ ಐದು ದಿನ ಥೆರಪಿಗೆ ಬರಬೇಕಂತೆ, ಸೆಷನ್‌ಗೆ 600 ರೂಪಾಯಿ. ಎಂಆರ್‌ಐ (ಮೆದುಳಿನ ಸ್ಕ್ಯಾನ್), ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಮಾಡಿಸಿ, ಗೋಧಿ ಮತ್ತು ಹಾಲು ನಿಲ್ಲಿಸಿ ಎಂದೂ ಹೇಳಿದ್ದಾರೆ. ಸಂಬಂಧಿಕರೊಬ್ಬರು ದೇಹಕ್ಕೆ ಆಕರಕೋಶ ಸೇರಿಸುವ ಸ್ಟೆಮ್‌ಸೆಲ್ ಚಿಕಿತ್ಸೆ ಮಾಡಿಸಿ ಎನ್ನುತ್ತಾರೆ. ಯಜಮಾನರ ದುಡಿಮೆಯಲ್ಲಿ ಇಷ್ಟೆಲ್ಲ ಆಗದು. ಇನ್ಶೂರೆನ್ಸ್ ಸಿಗುತ್ತದೆಯೇ?

ಉತ್ತರ: ಮೊದಲು ಕಿವಿ. ಮಾತು ತಡವಾದ ಪ್ರತಿ ಮಗುವಿಗೂ ಶ್ರವಣ ಪರೀಕ್ಷೆ ಆಗಲೇಬೇಕು. ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಇಷ್ಟು ಚಿಕ್ಕ ಮಕ್ಕಳಿಗೆ ಬೆರಾ ಪರೀಕ್ಷೆಯನ್ನು (ಸದ್ದಿಗೆ ಶ್ರವಣ ನರ, ಮೆದುಳು ಸ್ಪಂದಿಸುತ್ತವೆಯೇ ಎಂದು ನೋಡುವುದು) ಸಾಮಾನ್ಯವಾಗಿ ನಿದ್ದೆಯಲ್ಲೇ ಮಾಡುತ್ತಾರೆ. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲಿ ತೂಕಡಿಸಲು ಬಿಡಬೇಡಿ. ದಾರಿಯಲ್ಲೇ ನಿದ್ದೆ ಮುಗಿಸಿದ ಮಗು ಅಲ್ಲಿ ಕಣ್ಣು ಮುಚ್ಚುವುದಿಲ್ಲ, ಮತ್ತೊಂದು ದಿನ ಹೋಗಬೇಕಾಗುತ್ತದೆ.

ಎಂಆರ್‌ಐಯಲ್ಲಿ ಆಟಿಸಂ ಕಾಣಿಸುವುದಿಲ್ಲ, ಜೊತೆಗೆ ಈ ವಯಸ್ಸಿನಲ್ಲಿ ಹೆಚ್ಚಾಗಿ ನಿದ್ದೆ ಬರಿಸುವ ಔಷಧಿ ಕೊಟ್ಟೇ ಮಾಡಬೇಕು. ಕೈಕಾಲಿನ ಬಲ ಕುಂದುವಂತಹ ನರದ ತೊಂದರೆ, ತಲೆಯ ಬೆಳವಣಿಗೆಯಲ್ಲಿ ವ್ಯತ್ಯಾಸದಂತಹ ಲಕ್ಷಣ ಕಂಡರೆ ಮಾತ್ರ ಅದು ಬೇಕು. ಫಿಟ್ಸ್ ಬಂದಿದ್ದರೆ, ಆಗಾಗ ಕ್ಷಣಕಾಲ ಮೈಮರೆತು ನಿಂತರೆ, ಕಲಿತ ಮಾತು ಹೋಗಿದ್ದರೆ ಇಇಜಿ ಮಾಡಿಸಿ. ಇವು ಯಾವುವೂ ಇಲ್ಲದಿದ್ದರೆ ಏಕೆ ಬೇಕೆಂದು ವೈದ್ಯರನ್ನು ಕೇಳಿ.

ಗೋಧಿ, ಹಾಲು ಬಿಟ್ಟರೆ ಆಟಿಸಂ ಕಡಿಮೆಯಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಕುಚಲಕ್ಕಿ ಗಂಜಿ, ನೀರ್ದೋಸೆ ತಿನ್ನುವ ನಮ್ಮ ಕಡೆಯ ಮಕ್ಕಳ ಹೊಟ್ಟೆಗೆ ಗೋಧಿ ಹೋಗುವುದೇ ಕಡಿಮೆ. ಮೊದಲೇ ಆರಿಸಿ ತಿನ್ನುವ ಮಗುವಿಗೆ ಹಾಲೂ ತಪ್ಪಿದರೆ ಕ್ಯಾಲ್ಸಿಯಂ ಕೊರತೆಯಾಗಬಹುದು. ಇದ್ದಕ್ಕಿದ್ದಂತೆ ಹಟ, ಕಿರುಚಾಟ ಹೆಚ್ಚಿದರೆ ಮಲಬದ್ಧತೆ, ಹಲ್ಲುನೋವು, ಕಿವಿನೋವು ಇದೆಯೇ ನೋಡಿಸಿ. ನೋವನ್ನು ಹೇಳಲಾಗದ ಮಗು ಹಾಗೆಯೇ ತೋರಿಸುತ್ತದೆ.

ಸ್ಟೆಮ್‌ಸೆಲ್‌ಗೆ ದಯವಿಟ್ಟು ಸಾಲ ಮಾಡಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಕೆಲವು ಕಾಯಿಲೆಗಳಂಥವನ್ನು ಬಿಟ್ಟು, ಆಟಿಸಂ ಸೇರಿ ಉಳಿದದ್ದಕ್ಕೆಲ್ಲ ಈ ಚಿಕಿತ್ಸೆ ಸಂಶೋಧನೆಯ ಹಂತದಲ್ಲಿದೆ. ಸಂಶೋಧನೆಗೆ ರೋಗಿಯಿಂದ ಹಣ ಪಡೆಯುವಂತಿಲ್ಲ.

ಈಗ ಥೆರಪಿ. ದಿನಕ್ಕೊಂದು ಸೆಷನ್ ಎಂದರೂ ತಿಂಗಳಿಗೆ 20 ಸೆಷನ್, 12,000 ರೂಪಾಯಿ, ಬಸ್ ಖರ್ಚು ಬೇರೆ. ಮೂರು ತಿಂಗಳು ಹೀಗೆ ಓಡಾಡಿ ಕೈ ಖಾಲಿಯಾಗಿ ಪೂರ್ತಿ ನಿಲ್ಲಿಸುವ ಮನೆಗಳು ಎಷ್ಟೋ. ಅದಕ್ಕಿಂತ ವಾರಕ್ಕೆ ಎರಡು ದಿನದಂತೆ ಎಂಟು ಸೆಷನ್, 4,800 ರೂಪಾಯಿಗೆ ವರ್ಷವಿಡೀ ನಡೆಸುವುದು ಮೇಲು. ಆದರೆ ಒಂದು ಷರತ್ತು: ನೀವು ಒಳಗೆ ಕುಳಿತು ಕಲಿಯಬೇಕು. ಮಗುವನ್ನು ಒಳಗೆ ಬಿಟ್ಟು ಬಾಗಿಲು ಹಾಕುವ ಕಡೆ ಹಣ ಕೊಡಬೇಡಿ. ಮನೆಯಲ್ಲಿ ದೋಸೆಯನ್ನು ಒಟ್ಟಿಗೆ ಬಡಿಸದೆ ಒಂದು ಚೂರು ಹಿಡಿದು ಐದು ಸೆಕೆಂಡ್ ಕಾಯಿರಿ. ನೋಟ, ಬೆರಳು, ಸದ್ದು, ಯಾವುದು ಬಂದರೂ ‘ದೋಸೆ’ ಎಂದು ಹೇಳಿ ತಕ್ಷಣ ಕೊಡಿ. ಸ್ನಾನ, ಉಯ್ಯಾಲೆ ಎಲ್ಲದರಲ್ಲೂ ಇದನ್ನೇ ಮಾಡಿದರೆ ದಿನಕ್ಕೆ ಎಷ್ಟೋ ಅವಕಾಶ ಸಿಗುತ್ತದೆ.

ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ ಆರ್‌ಬಿಎಸ್‌ಕೆಯ ಡಿಇಐಸಿ (ಬೆಳವಣಿಗೆಯ ತೊಂದರೆಗೆ ಬೇಗ ನೆರವು ನೀಡುವ ಜಿಲ್ಲಾ ಕೇಂದ್ರ) ಕೇಂದ್ರದಲ್ಲಿ 18 ವರ್ಷದವರೆಗೆ ಸೇವೆ ಉಚಿತ. ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಮಣಿಪಾಲ, ಮಂಗಳೂರಿನ ವಾಕ್–ಶ್ರವಣ ಕಾಲೇಜುಗಳ ದರವನ್ನೂ ಕೇಳಿ ನೋಡಿ.

ಇನ್ಶೂರೆನ್ಸ್‌ಗೆ ಮೊದಲು ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಬೇಕು. ಇದಕ್ಕೆ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ವೈದ್ಯಕೀಯ ತಪಾಸಣೆಗೆ ಕರೆಯುತ್ತಾರೆ. ಐಎಸ್‌ಎಎ ಎಂಬ 40 ಅಂಶಗಳ ಅಳತೆಗೋಲಿನಲ್ಲಿ 70 ಅಥವಾ ಹೆಚ್ಚು ಅಂಕ ಬಂದರೆ ಆಟಿಸಂ. ಆಧಾರ್‌ನಲ್ಲಿದ್ದಂತೆಯೇ ಹೆಸರು ಬರೆಸಿ.

ಸಾಮಾನ್ಯ ಪಾಲಿಸಿಗಳು ಹೊರರೋಗಿ ಥೆರಪಿಗೆ ಹಣ ಕೊಡುವುದು ಅಪರೂಪ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮಾ ಯೋಜನೆ ಕೊಡುತ್ತದೆ: ವರ್ಷಕ್ಕೆ ಒಟ್ಟು ಒಂದು ಲಕ್ಷದವರೆಗೆ, ಥೆರಪಿಗೆ ಅದರೊಳಗೆ ಪ್ರತ್ಯೇಕ ಮಿತಿ. ಪಾಲಿಸಿ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ನಡುವೆ ಸೇರಿದರೂ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹಣವನ್ನು ನೀವು ಕೊಟ್ಟು ಆಮೇಲೆ ವಾಪಸು ಪಡೆಯಬೇಕು, ಕ್ಲೇಮ್ ತಡೆಬೀಳುವುದು ಬಿಲ್‌ನಲ್ಲೇ. ‘ಥೆರಪಿ 4,800’ ಎಂದಷ್ಟೇ ಬರೆದ ಬಿಲ್ ಸಾಲದು. ಯಾವ ಥೆರಪಿ, ಎಷ್ಟು ಸೆಷನ್ ಎಂದು ವೈದ್ಯರು ಬರೆದ ಚೀಟಿ, ಪ್ರತಿ ಸೆಷನ್‌ನ ದಿನಾಂಕ ಮತ್ತು ದರ, ಮಗುವಿನ ಪೂರ್ತಿ ಹೆಸರು, ಸಹಿ, ಮೊಹರು ಇರಲಿ. ಬಿಲ್‌ಗಳನ್ನು ಆಯಾ ತಿಂಗಳೇ ಕಳಿಸಿ, ಒಂದು ಜೆರಾಕ್ಸ್ ಮನೆಯಲ್ಲಿಟ್ಟುಕೊಳ್ಳಿ.