ಸಮುದ್ರಕ್ಕಿಂತ ಮೊದಲು ಯಾದಗಿರಿ ಬರುತ್ತದೆ

"ಹಿಂದಿನ ಸಂಚಿಕೆಯಲ್ಲಿ ಸಮುದ್ರದ ಪ್ಲಾಸ್ಟಿಕ್ ಬಗ್ಗೆ ಆರು ಪುಟ ಹಾಕಿದ್ದೀರಿ. ಕಲಬುರಗಿಯಿಂದ ಸಮುದ್ರ ಎಷ್ಟು ದೂರ? ನಮ್ಮ ಓಣಿಯಲ್ಲಿ ನೀರಿನ ಪೈಪಿಗೆ ಅಂತ ರಸ್ತೆ ಅಗೆದು ನಾಲ್ಕು ತಿಂಗಳಾಯಿತು. ಬಾಗಿಲು ತೆರೆದರೆ ಧೂಳು. ಹಿಂದಿನ ನಾಲಾ ನಾರುತ್ತದೆ. ಇದನ್ನು ಬಿಟ್ಟು ತಿಮಿಂಗಿಲದ ಚಿಂತೆ ಯಾಕೆ? ಇನ್ನೊಂದು ಮಾತು. ಆ ಸಂಚಿಕೆ ನನ್ನ ಮನೆಗೆ ಬಂದದ್ದು ಪ್ಲಾಸ್ಟಿಕ್ ಕವರಿನಲ್ಲಿ."
ನಿವೃತ್ತ ಶಿಕ್ಷಕಿ, ಕಲಬುರಗಿ

ಅಕ್ಕೋರೇ,

ಶಾಲೆಯಲ್ಲಿ ಕಲಿಸಿದವರನ್ನು ಬೇರೆ ಹೆಸರಿನಿಂದ ಕರೆಯಲು ನಮ್ಮ ಕಡೆ ನಾಲಿಗೆ ಏಳುವುದಿಲ್ಲ. ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡಬೇಕಿತ್ತು. ಅದಕ್ಕೆ ಸ್ವಲ್ಪ ಧೈರ್ಯ ಬೇಕು, ಕಡೆಗೆ ಬರುತ್ತೇನೆ.

ಮೊದಲು ದೂರದ ಮಾತು. ಭೀಮೆ ಹುಟ್ಟುವುದು ಮಹಾರಾಷ್ಟ್ರದ ಭೀಮಾಶಂಕರದಲ್ಲಿ. ಅಲ್ಲಿಂದ ಅರಬ್ಬಿ ಸಮುದ್ರ ಹತ್ತಿರ. ಆದರೂ ಹೊಳೆ ಅದಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಹೊರಡುತ್ತದೆ. ಅಫಜಲಪುರದ ಕಡೆಯಿಂದ ನಮ್ಮ ಜಿಲ್ಲೆಗೆ ಬಂದು, ಕಾಗಿಣಾವನ್ನು ಸೇರಿಸಿಕೊಂಡು, ಯಾದಗಿರಿ ದಾಟಿ ಕೃಷ್ಣೆಗೆ ಬೀಳುತ್ತದೆ. ಬೀದರಿನ ನೀರಿಗೆ ಬೇರೆ ದಾರಿ: ಮಾಂಜ್ರಾ, ತೆಲಂಗಾಣದ ಸಿಂಗೂರು ಜಲಾಶಯ, ನಿಜಾಮಸಾಗರ, ಗೋದಾವರಿ. ಎರಡೂ ಮುಟ್ಟುವುದು ಬಂಗಾಳಕೊಲ್ಲಿಯನ್ನೇ. ಹಾಗಾಗಿ ನಮ್ಮ ಮೂರು ಜಿಲ್ಲೆಗೂ ಸಮುದ್ರದ ನಂಟು ಇದೆ. ಇದನ್ನು ಭೂಗೋಳದಲ್ಲಿ ನೀವೇ ಎಷ್ಟೋ ಮಕ್ಕಳಿಗೆ ಹೇಳಿರುತ್ತೀರಿ.

ಆದರೆ ನಿಮ್ಮ ಪತ್ರ ಓದಿದ ಮೇಲೆ ನಮ್ಮ ಲೇಖನದ ತಪ್ಪು ಕಂಡಿತು. ನಾವು ನಾಲಾದಿಂದ ಒಂದೇ ಜಿಗಿತಕ್ಕೆ ಸಮುದ್ರಕ್ಕೆ ಹೋಗಿಬಿಟ್ಟೆವು. ನಡುವೆ ಜನ ಇದ್ದಾರೆ, ಅಲ್ವಾ? ಕಲಬುರಗಿಯ ಇಳಿಜಾರು ಹಿಡಿದ ನೀರು ಸಮುದ್ರ ನೋಡುವ ಮೊದಲು ಯಾದಗಿರಿ ನೋಡುತ್ತದೆ. ಆ ಊರಿಗೆ ಕುಡಿಯಲು ಭೀಮೆಯೇ ಗತಿ. ಬೀದರಿನ ಕೊಳಕು ಮಾಂಜ್ರಾಕ್ಕೆ ಇಳಿದರೆ ಅದರ ಮುಂದೆ ಸಿಂಗೂರು ಇದೆ, ಅಲ್ಲಿಂದ ಹೈದರಾಬಾದಿಗೆ ನೀರು ಹೋಗುತ್ತದೆ. ತಿಮಿಂಗಿಲದ ಕಥೆ ಬರೆಯುವ ಬದಲು ಯಾದಗಿರಿಯ ನಲ್ಲಿಯ ಕಥೆ ಬರೆದಿದ್ದರೆ ನಿಮಗೆ ಸಿಟ್ಟು ಬರುತ್ತಿರಲಿಲ್ಲ ಅನ್ನಿಸುತ್ತದೆ.

ನಾವು ಮೇಲಿನವರನ್ನು ಮಾತ್ರ ಜೋರಾಗಿ ಬೈಯುತ್ತೇವೆ. ಪುಣೆಯ ಮುಳಾ-ಮುಠಾ ನದಿ ಭೀಮೆಗೆ ಸೇರಿ ಮಹಾರಾಷ್ಟ್ರದ ಉಜನಿ ಅಣೆಕಟ್ಟಿಗೆ ಬರುತ್ತದೆ. ಬೇಸಿಗೆಯಲ್ಲಿ ಉಜನಿಯಿಂದ ನೀರು ಬಿಡಲಿಲ್ಲ ಅಂತ ಒಮ್ಮೆ ಬೈಗುಳ, 2020ರ ಅಕ್ಟೋಬರಿನ ಹಾಗೆ ಹೊಳೆ ತುಂಬಿ ಊರಿಗೆ ನುಗ್ಗಿದಾಗ ಇನ್ನೊಮ್ಮೆ ಬೈಗುಳ. ಬೈಯುವುದರಲ್ಲಿ ನ್ಯಾಯವೂ ಇದೆ. ಆದರೆ ಯಾದಗಿರಿಯವರ ಪಾಲಿಗೆ ನಾವೇ ಮೇಲಿನವರು.

ಇಲ್ಲಿ ನೀತಿಯ ಒಂದು ವಿಚಿತ್ರ ನೋಡಿ. 1969ರಲ್ಲಿ ರಚನೆಯಾದ ಬಚಾವತ್ ನ್ಯಾಯಮಂಡಳಿ ಕೃಷ್ಣಾ ಕಣಿವೆಯ ನೀರನ್ನು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿಎಂಸಿ ಎಂದು ಹಂಚಿತು. ವಕೀಲರು, ಎಂಜಿನಿಯರುಗಳು ವರ್ಷಗಟ್ಟಲೆ ವಾದ ಮಾಡಿದರು. ನೀರು ಎಷ್ಟು ಎಂಬುದಕ್ಕೆ ಇಷ್ಟೊಂದು ಜಗಳ. ನೀರು ಹೇಗಿರಬೇಕು ಎಂಬುದಕ್ಕೆ 1974ರ ಜಲ ಕಾಯ್ದೆ ಇದೆ, ಅದನ್ನು ನಡೆಸಲು ರಾಜ್ಯಕ್ಕೊಂದು ಮಾಲಿನ್ಯ ನಿಯಂತ್ರಣ ಮಂಡಳಿ ಇದೆ. ಗಡಿಯಲ್ಲಿ ನಮ್ಮ ಪಾಲಿನ ಟಿಎಂಸಿ ಬಂದರೆ ಗೆದ್ದೆವು ಅಂತ ಸಂಭ್ರಮಿಸುತ್ತೇವೆ. ಆ ಟಿಎಂಸಿಯಲ್ಲಿ ಏನೇನು ಕರಗಿದೆ ಅಂತ ಯಾವ ಹೋರಾಟಗಾರರೂ ಕೂಗಿದ್ದು ನಾನು ಕೇಳಿಲ್ಲ.

ಈಗ ನಿಮ್ಮ ಧೂಳಿಗೆ ಬರೋಣ. ಅದು ನಿಮ್ಮ ಓಣಿಯ ಗೋಳು ಮಾತ್ರ ಅಲ್ಲ, ದೆಹಲಿಯ ಕಡತದಲ್ಲೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿತು. ಗಾಳಿಯ ಗುಣಮಟ್ಟ ಮುಟ್ಟದ ಊರುಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಹೆಸರು: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಬೆಂಗಳೂರಿನ ಟ್ರಾಫಿಕ್ಕು ಇಲ್ಲಿಲ್ಲ, ಆದರೂ ಅದೇ ಪಟ್ಟಿಯಲ್ಲಿದ್ದೇವೆ. ಕೂದಲೆಳೆಗಿಂತ ಎಷ್ಟೋ ಸಣ್ಣದಾದ, 10 ಮೈಕ್ರಾನ್ ಒಳಗಿನ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿ 60 ಮೈಕ್ರೋಗ್ರಾಂ ದಾಟಬಾರದು ಎನ್ನುವುದು ನಮ್ಮ ದೇಶದ ಮಟ್ಟ. ಬಿರುಬೇಸಿಗೆ, ಒಣ ಎರೆಮಣ್ಣು, ಅಂಚು ಕಟ್ಟದ ರಸ್ತೆ, ಅದರ ಮೇಲೆ ಟಂಟಂ ಆಟೊಗಳ ಓಡಾಟ. ಕಣಗಳಿಗೆ ಇನ್ನೇನು ಬೇಕು? ದೇಶಕ್ಕೆಲ್ಲ ಶಹಾಬಾದ ಕಲ್ಲು ಕಳಿಸುವ ಜಿಲ್ಲೆಯಲ್ಲಿ ರಸ್ತೆ ಬದಿಗೆ ಹಾಸಲು ಕಲ್ಲಿಲ್ಲ ಅಂದರೆ ನಗು ಬರುತ್ತದೆ.

ನಿಮ್ಮ ಪತ್ರದ ಒಂದು ಸಾಲು ನಮ್ಮ ಆರು ಪುಟಕ್ಕಿಂತ ತೂಕದ್ದು: "ನೀರಿನ ಪೈಪಿಗೆ ರಸ್ತೆ ಅಗೆದು." ಮನೆಗೆ ನೀರು ಕೊಡುವುದು ಒಳ್ಳೆಯ ಕೆಲಸ. ಗಾಳಿ ಶುದ್ಧ ಮಾಡುವುದೂ ಒಳ್ಳೆಯ ಕೆಲಸ. ಒಂದು ಕೆಲಸದವರು ರಸ್ತೆ ಅಗೆದು ಹಾಗೇ ಬಿಟ್ಟು ಹೋಗುತ್ತಾರೆ, ಇನ್ನೊಂದು ಕೆಲಸದವರು ಅದೇ ಧೂಳಿನ ಮೇಲೆ ಟ್ಯಾಂಕರ್ ನೀರು ಚಿಮುಕಿಸುತ್ತಾರೆ. ಗುಂಡಿ ಮುಚ್ಚಿ ಡಾಂಬರು ಹಾಕಿದ ಮೇಲೆಯೇ ಪೈಪಿನ ಬಿಲ್ಲು ಪಾಸಾಗಬೇಕು ಅಂತ ಇಬ್ಬರೂ ಸೇರಿ ಒಂದು ಸಾಲು ಬರೆದುಕೊಂಡರೆ ಸಾಕು. ನನ್ನ ಮಟ್ಟಿಗೆ ಪರಿಸರ ನೀತಿ ಅಂದರೆ ಆ ಒಂದು ಸಾಲು.

ಧೂಳು ಮಳೆ ಬಂದರೆ ಎಲ್ಲಿಗೆ ಹೋಗುತ್ತದೆ? ನಿಮ್ಮ ನಾಲಾಕ್ಕೆ. ಅದರಲ್ಲಿ ಮಣ್ಣಿನ ಜೊತೆ ಟೈರಿನ ಪುಡಿಯೂ ಇದೆ. ಸಮುದ್ರಕ್ಕೆ ಸಣ್ಣ ಕಣವಾಗಿಯೇ ಸೇರುವ ಪ್ಲಾಸ್ಟಿಕ್ಕಿನಲ್ಲಿ ಸುಮಾರು 28 ಶೇಕಡಾ ಟೈರು ಸವೆದದ್ದು, ಸುಮಾರು 35 ಶೇಕಡಾ ಸಿಂಥೆಟಿಕ್ ಬಟ್ಟೆ ಒಗೆದಾಗ ಉದುರಿದ್ದು ಅಂತ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2017ರಲ್ಲಿ ಅಂದಾಜು ಮಾಡಿತ್ತು. 2020ರ ಏಪ್ರಿಲ್‌ನಿಂದ ಹೊಗೆಗೆ ಬಿಗಿ ಮಿತಿ ಇರುವ ಬಿಎಸ್-6 ಗಾಡಿಗಳು ಬಂದವು, ಹೊಗೆ ಕಡಿಮೆಯಾಯಿತು. ಬ್ಯಾಟರಿ ಗಾಡಿ ಬಂದರೆ ಹೊಗೆಯೇ ಇರುವುದಿಲ್ಲ. ಟೈರು ಮಾತ್ರ ಅದಕ್ಕೂ ನಾಲ್ಕೇ. ಹತ್ತು ಜನ ಹತ್ತು ಗಾಡಿಯಲ್ಲಿ ಹೋಗುವ ಬದಲು ಒಂದು ಬಸ್ಸಿನಲ್ಲಿ ಹೋದರೆ ಮಾತ್ರ ಟೈರಿನ ಲೆಕ್ಕ ಇಳಿಯುತ್ತದೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತವಾಯಿತಲ್ಲ, ಅದನ್ನು ಯಾರೂ ಪರಿಸರ ಯೋಜನೆ ಅಂತ ಕರೆಯಲಿಲ್ಲ. ಬಸ್ಸು ಜಾಸ್ತಿ ಬಿಟ್ಟಿದ್ದರೆ ಕರೆಯಬಹುದಿತ್ತು.

ಬೀದರಿನ ಒಂದು ಉದಾಹರಣೆ ಹೇಳದೆ ಮನಸ್ಸು ಕೇಳುತ್ತಿಲ್ಲ. ನೌಬಾದಿನ ಕರೇಜ್ ನೋಡಿದ್ದೀರಾ? ಜನ ಸುರಂಗ ಬಾವಿ ಅಂತಾರೆ. ಬಹಮನಿ ಸುಲ್ತಾನರ ಕಾಲದ್ದು, 15ನೇ ಶತಮಾನ. ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲು ಮಳೆ ನೀರನ್ನು ಹೀರುತ್ತದೆ. ಅದರ ಕೆಳಗಿನ ಕಪ್ಪು ಕಲ್ಲು ನೀರನ್ನು ಇನ್ನೂ ಕೆಳಗೆ ಇಳಿಯಲು ಬಿಡುವುದಿಲ್ಲ. ಎರಡೂ ಕೂಡುವಲ್ಲಿ ಜಿನುಗುವ ನೀರನ್ನು ಸುರಂಗ ಕೊರೆದು, ನಡುನಡುವೆ ಗಾಳಿ-ಬೆಳಕಿಗೆ ಬಾವಿ ತೋಡಿ ಊರಿಗೆ ತಂದರು. ಪಂಪಿಲ್ಲ, ಕರೆಂಟಿಲ್ಲ. ಈಗ ಸುರಂಗದ ಹೂಳು ತೆಗೆದಿದ್ದಾರೆ, ಸಂತೋಷ. ಆದರೆ ಸುರಂಗಕ್ಕೆ ನೀರು ಬರುವುದು ಮೇಲಿನ ನೆಲದಿಂದ. ಆ ನೆಲ ಲೇಔಟು, ಕಾಂಕ್ರೀಟು ಆಗುತ್ತಾ ಹೋದರೆ ಮಳೆ ಇಂಗುವುದು ಎಲ್ಲಿ? ಸ್ಮಾರಕ ಕಾಯಲು ಒಂದು ಇಲಾಖೆ, ಸೈಟಿಗೆ ಒಪ್ಪಿಗೆ ಕೊಡಲು ಇನ್ನೊಂದು. ಕರೇಜ್ ತೋಡಿದವನಿಗೆ ಕಲ್ಲು, ಮಳೆ, ಊರು ಮೂರೂ ಒಂದೇ ಕಡತದಲ್ಲಿದ್ದವು.

ನೀವೇನು ಮಾಡಬಹುದು? ಉಪದೇಶ ಬೇಡ, ಒಂದು ಚೀಟಿ ಸಾಕು. ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಸುಮ್ನೆ ಇಷ್ಟೇ ಕೇಳಿ: ನಮ್ಮ ವಾರ್ಡಿನ ಒಳಚರಂಡಿ ನೀರು ಯಾವ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ, ಕಳೆದ ವರ್ಷ ಶುದ್ಧವಾಗಿ ಹೊರಬಿದ್ದದ್ದು ಎಷ್ಟು, ಎಲ್ಲಿಗೆ ಬಿಟ್ಟರು? ಕರ್ನಾಟಕದ ನಿಯಮದಲ್ಲಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ. ನಾಲಾ ಮತ್ತು ಧೂಳು ಒಟ್ಟಿಗೆ ಕೇಳಿದರೆ ವಾಪಸ್ ಬಂದೀತು. ಎರಡು ಅರ್ಜಿ ಹಾಕಿ. ಉತ್ತರ ಬಂದರೆ ನಮಗೆ ಕಳಿಸಿ, ಯಾದಗಿರಿಯ ಓದುಗರೂ ನೋಡುವ ಹಾಗೆ ಅಚ್ಚು ಹಾಕುತ್ತೇವೆ.

ಇನ್ನು ಕವರು. 2022ರ ಜುಲೈ 1ರಿಂದ ನಿಷೇಧವಾದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿನ ಪಟ್ಟಿಯಲ್ಲಿ ಮಿಠಾಯಿ ಡಬ್ಬಿ, ಆಮಂತ್ರಣ ಪತ್ರ, ಸಿಗರೇಟು ಪ್ಯಾಕಿಗೆ ಸುತ್ತುವ ತೆಳು ಹಾಳೆ ಇದೆ. ಪತ್ರಿಕೆಯ ಕವರಿನ ಹೆಸರಿಲ್ಲ. ನಮ್ಮ ಕಚೇರಿಯಲ್ಲಿ ಇದೇ ನೆಪ ಹೇಳಿಕೊಂಡು ಇಷ್ಟು ದಿನ ದೂಡಿದೆವು. ಕಾಗದದ ಸುತ್ತು ಹಾಕಿದರೆ ಮಳೆಗಾಲದಲ್ಲಿ ಪ್ರತಿಗಳು ನೆನೆಯುತ್ತವೆ ಎಂಬ ಅಂಜಿಕೆಯೂ ಇತ್ತು. ಮುಂದಿನ ಸಂಚಿಕೆ ಕಾಗದದಲ್ಲೇ ಬರುತ್ತದೆ. ನೆನೆದು ಬಂದರೆ ಒಂದು ಕಾರ್ಡು ಹಾಕಿ, ಇನ್ನೊಂದು ಪ್ರತಿ ಕಳಿಸುತ್ತೇವೆ.

- ಸಂಪಾದಕ